ಊರೆಲ್ಲ ಒಂದೇ ದಿನ ಹಣ್ಣಾದಾಗ

ರೇಷ್ಮೆ ಹುಳು ಹಣ್ಣಾದ ಮೇಲೆ ಯಾರಿಗಾಗಿಯೂ ಕಾಯುವುದಿಲ್ಲ. ಸಾಕಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಸಾಕದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ಮೊಟ್ಟೆ ಒಡೆದ ದಿನದಿಂದ ಸುಮಾರು ನಾಲ್ಕು ವಾರ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ನಡುವೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗದೆ ನಿಂತು, ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಒಂದು ವಾರವಾದರೆ ಮೈ ಹೊಳಪೇರಿ, ಬೆಳಕಿಗೆ ಹಿಡಿದಾಗ ದ್ರಾಕ್ಷಿಯ ಹಾಗೆ ಒಳಗೆಲ್ಲ ಕಾಣುತ್ತದೆ. ಅದೇ ಹಣ್ಣಾಗುವುದು. ಅಂದೇ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರ ಚಾಪೆ. ಅದರ ಮೇಲೆ ತೆಳು ದಬ್ಬೆಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಆ ಸುರುಳಿಯ ಸಂದಿನಲ್ಲಿ ಹುಳು ಗೂಡು ಕಟ್ಟುತ್ತದೆ. ಚಂದ್ರಿಕೆ ಸಿಗದ ಹುಳು ಕಸದಲ್ಲಿ, ಗೋಡೆಯ ಬಿರುಕಿನಲ್ಲಿ, ಒಂದರ ಮೇಲೊಂದು ಬಿದ್ದು ನೂಲು ಬಿಟ್ಟು ಹಾಳಾಗುತ್ತದೆ. ನಾಲ್ಕು ವಾರದ ದುಡಿಮೆ ಒಂದು ದಿನದಲ್ಲಿ ಹೋಗುತ್ತದೆ.

ಇಷ್ಟು ಗೊತ್ತಿದ್ದರೆ ಸಾಕು, ನಾನು ಕಂಡ ಒಂದು ಊರು ಎರಡು ಪಾರ್ಟಿಯಾದದ್ದನ್ನು ಹೇಳಬಹುದು.

ನಾನು ಯಳಂದೂರು ತಾಲ್ಲೂಕಿನ ಅಗರದವನು. ಚಿಕ್ಕವನಿದ್ದಾಗ ಪಕ್ಕದ ಕೊಳ್ಳೇಗಾಲ ನಮಗೆ ಬೇರೆ ರಾಜ್ಯ. ನಾವು ಮೈಸೂರಿನವರು, ಅವರು ಮದರಾಸಿನವರು. 1956ರಲ್ಲಿ ಅವರೂ ನಮ್ಮ ರಾಜ್ಯಕ್ಕೆ ಬಂದರು. ಓದು ಮುಗಿಸಿ, ರೇಷ್ಮೆ ತರಬೇತಿ ಶಾಲೆಯೊಂದರಲ್ಲಿ ವರ್ಷ ಕಳೆದು, ಡೆಮಾನ್‌ಸ್ಟ್ರೇಟರ್ ಎಂಬ ಸರ್ಕಾರಿ ಹುದ್ದೆಯಲ್ಲಿ ನಾನು ಹೋಗಿ ಸೇರಿದ್ದು ಆ ಕಡೆಗೇ: ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಿಂದ ದಾರಿಯಲ್ಲಿ ಇಳಿದು ಎರಡು ಮೈಲಿ ಒಳಗಿರುವ ಒಂದು ಹಳ್ಳಿ. ತರಬೇತಿ ಶಾಲೆಯಲ್ಲಿ ಬೆಳಗಿನ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಐದಕ್ಕೆ ಮೊದಲ ಸೊಪ್ಪು, ಹತ್ತಕ್ಕೆ ಎರಡನೆಯದು, ಪ್ರತಿ ಸಲ ಕೈ ತೊಳೆಯುವುದು, ಥರ್ಮಾಮೀಟರ್ ನೋಡಿ ಬರೆಯುವುದು. ಈ ಕ್ರಮವನ್ನೇ ಆ ಊರಿಗೆ ಕಲಿಸಬೇಕೆಂದು ಹೋದೆ. ಹೋಗಿ ನೋಡಿದರೆ ನನಗಿಂತ ಮೊದಲೇ ಅಲ್ಲಿ ಒಂದು ಕ್ರಮವಿತ್ತು.

ಊರಿಗೆ ಎರಡು ಬೀದಿ, ಮೇಲಿನದು ಮತ್ತು ಕೆಳಗಿನದು. ಯಾವ ಮನೆಯಲ್ಲೂ ಬೇಕಾದಷ್ಟು ಚಂದ್ರಿಕೆ ಇರಲಿಲ್ಲ. ಕೌದಳ್ಳಿ ಕಡೆಯಿಂದ ಹೆಣೆಯುವವರು ಬಂದಾಗ ಒಬ್ಬೊಬ್ಬರು ಒಂದೆರಡು ಮಾಡಿಸಿಕೊಂಡಿದ್ದರು, ಯಾವುದು ಯಾರದೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ. ಕೆಳಗಿನ ಬೀದಿಯವರು ಮೊದಲು ಮೊಟ್ಟೆ ತರುವರು. ಎಂಟು ದಿನ ಬಿಟ್ಟು ಮೇಲಿನ ಬೀದಿಯವರು. ಮುಂದಿನ ಬೆಳೆಗೆ ಸರದಿ ತಿರುವುಮುರುವು. ಮೊದಲ ಬೀದಿ ಗೂಡು ಬಿಡಿಸಿದ ಮೇಲೆ ಚಂದ್ರಿಕೆಗಳನ್ನು ಬಿಸಿಲಿಗೆ ಒಣಗಿಸಿ, ತಲೆಯ ಮೇಲೆ ಹೊತ್ತು ಇನ್ನೊಂದು ಬೀದಿಗೆ ಒಯ್ಯುತ್ತಿದ್ದರು. ದೂರದಿಂದ ಆ ಸಾಲು ನೋಡಿದರೆ ಮನೆಯ ಗೋಡೆಗಳೇ ಎದ್ದು ನಡೆದು ಬಂದಂತೆ ಕಾಣುತ್ತಿತ್ತು. ಹೊತ್ತು ತಂದವರಿಗೆ ಬೆಲ್ಲದ ನೀರು ಕೊಡುವುದು ರೂಢಿ. ಈ ಸರದಿಯನ್ನು ಯಾರು ಮಾಡಿದರೆಂದು ಕೇಳಿದೆ. ಮಾಡೋದೇನು, ಇರೋದೇ ಹಂಗೆ ಎಂದರು.

ನನಗೆ ಒಂದು ಹೊತ್ತಿನ ಊಟ ಹಾಕುತ್ತಿದ್ದ ಮನೆ ಮೇಲಿನ ಬೀದಿಯಲ್ಲಿತ್ತು. ಆ ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ಹುಳು ಸಾಕುವುದರಲ್ಲಿ ಊರಿಗೆ ಮೊದಲಿಗಳು. ತವರು ಅದೇ ಊರಿನ ಕೆಳಗಿನ ಬೀದಿ. ಅಲ್ಲಿ ಅಣ್ಣನ ಮನೆ. ಆಕೆಯ ಗಂಡನೂ ಅಣ್ಣನೂ ಒಂದೇ ಪಕ್ಷದಲ್ಲಿ ಒಟ್ಟಿಗೆ ಓಟು ಕೇಳಿದವರು, ಒಂದೇ ಬೀಡಿಯ ಕಟ್ಟು ಹಂಚಿಕೊಂಡವರು. ರಾಜ್ಯ ಬದಲಾದಾಗ ಊರಲ್ಲಿ ಒಂದು ಜಗಳವೂ ಆಗಿರಲಿಲ್ಲವಂತೆ. ಊರೆಲ್ಲ ಒಟ್ಟಿಗೆ ಮದರಾಸಿನಿಂದ ಮೈಸೂರಿಗೆ ಬಂದಿತ್ತು, ಯಾರೂ ಆ ಕಡೆ ಉಳಿದಿರಲಿಲ್ಲ. ಆದರೆ ಇಬ್ಬರೂ ಇದ್ದ ಆ ದೊಡ್ಡ ಪಕ್ಷವೇ ಎರಡು ಹೋಳಾದಾಗ ಗಂಡ ಕೊಳ್ಳೇಗಾಲದ ಒಬ್ಬ ಮುಖಂಡರ ಹಿಂದೆ ಹೋದ, ಅಣ್ಣ ಇನ್ನೊಬ್ಬರ ಹಿಂದೆ ಹೋದ. ಬೀದಿಗಳೂ ಅವರವರ ಹಿಂದೆ ಹೋದವು.

ಎರಡು ಪಾರ್ಟಿಗಳಿಗೆ ಏನು ವ್ಯತ್ಯಾಸ ಎಂದು ತಿಳಿಯುವ ಕುತೂಹಲ ನನಗೆ ಬಹಳವಿತ್ತು. ಸೊಪ್ಪಿನ ಹೊತ್ತುಗಳ ನಡುವೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಗಂಡ, ಅವರು ಹಳೇ ಕಾಲದವರು, ಬಡವರ ಕಷ್ಟ ಗೊತ್ತಿಲ್ಲ ಎಂದ. ಅವನ ಬಳಿ ಇದ್ದಷ್ಟೇ ಹೊಲ ಅಣ್ಣನಿಗೂ ಇತ್ತು. ಅಣ್ಣ, ನಾವು ಇದ್ದಲ್ಲೇ ಇದ್ದೀವಿ, ಓಡಿಹೋದವರನ್ನು ಕೇಳಿ ಎಂದ. ಅಕ್ಕನನ್ನು ಕೇಳಿದಾಗ ಸೊಪ್ಪು ಹೆಚ್ಚುತ್ತಲೇ ಹೇಳಿದಳು:

"ಆ ಬೀದಿ ಟೀ ಅಂಗಡೀಲಿ ಸಕ್ರೆ ಆಕ್ತರೆ, ಈ ಬೀದೀಲಿ ಬೆಲ್ಲ ಆಕ್ತರೆ. ಅಷ್ಟೇಯ ಸಾ ನಂಗೊತ್ತಿರಾದು."

ಟೀ ಅಂಗಡಿ ಎರಡಾದದ್ದು ನಿಜ. ಆಮೇಲೆ ಕ್ಷೌರದವನು ಒಂದೊಂದು ಬೀದಿಗೆ ಒಂದೊಂದು ವಾರ ಹೋಗತೊಡಗಿದ. ಪಂಚಾಯಿತಿ ರೇಡಿಯೋದಲ್ಲಿ ಸಂಜೆಯ ವಾರ್ತೆ ಒಬ್ಬರು ಜಗುಲಿಯ ಮೇಲೆ ಕೂತು ಕೇಳಿದರೆ ಇನ್ನೊಬ್ಬರು ರಸ್ತೆಯಾಚೆ ನಿಂತು ಕೇಳುವರು. ಇಷ್ಟರಿಂದ ಯಾರಿಗೂ ನಷ್ಟವಾಗಲಿಲ್ಲ. ಕೊನೆಗೆ ಜಗಳ ಚಂದ್ರಿಕೆಗಳ ಸರದಿಗೆ ಬಂತು. ನಮ್ಮವನ್ನು ಅವರು ಮುರಿದು ಕೊಡುತ್ತಾರೆ ಎಂದು ಇವರು, ಒಳ್ಳೆಯವನ್ನು ಇವರು ಇಟ್ಟುಕೊಳ್ಳುತ್ತಾರೆ ಎಂದು ಅವರು. ನೀವು ಸರ್ಕಾರದವರು, ಯಾವ ಕಡೆಯವರೂ ಅಲ್ಲ, ಹಂಚಿಕೊಡಿ ಎಂದು ಇಬ್ಬರೂ ನನ್ನ ಹತ್ತಿರವೇ ಬಂದರು.

ಹಂಚಿದೆ. ಶಾಲೆಯ ಬಯಲಿನಲ್ಲಿ ಎಲ್ಲ ಚಂದ್ರಿಕೆಗಳನ್ನೂ ಸಾಲಾಗಿ ಇಡಿಸಿ, ಹೊಸದು ಹಳೆಯದು ನೋಡಿ, ಸರಿಯಾಗಿ ಅರ್ಧರ್ಧ ಮಾಡಿದೆ. ಮೇಲಿನ ಬೀದಿಯವಕ್ಕೆ ಸುಣ್ಣದ ಬೊಟ್ಟು, ಕೆಳಗಿನವಕ್ಕೆ ಕೆಮ್ಮಣ್ಣಿನ ಬೊಟ್ಟು. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು, ಒಂದು ದೂರೂ ಬರಲಿಲ್ಲ. ಅಚ್ಚುಕಟ್ಟಾಗಿ ಮಾಡಿದೆನೆಂದು ಸಂತೋಷಪಟ್ಟೆ.

ಮುಂದಿನ ಬೆಳೆಗೆ ನಾನು ಕೊಳ್ಳೇಗಾಲದಿಂದ ಮೊಟ್ಟೆ ತಂದು ಹಂಚುವಾಗ ಇನ್ನೊಂದು ತಕರಾರು. ಅವರಿಗೇಕೆ ಮೊದಲು, ಚೆನ್ನಾಗಿರುವ ಮೊಟ್ಟೆಯನ್ನೆಲ್ಲ ಆರಿಸಿ ಕೊಡುತ್ತೀರಾ ಎಂದು ಮೇಲಿನವರು. ಹೋದ ಸಲ ಅವರಿಗೆ ಮೊದಲು ಕೊಟ್ಟಿರಿ, ಆಗ ನಾವೇನಾದರೂ ಕೇಳಿದೆವಾ ಎಂದು ಕೆಳಗಿನವರು. ಇದಕ್ಕೂ ನನ್ನಲ್ಲಿ ಉಪಾಯವಿತ್ತು. ಎರಡೂ ಬೀದಿಗೆ ಒಂದೇ ದಿನ, ಒಂದೇ ಗಂಟೆಗೆ, ಒಂದೇ ಪೆಟ್ಟಿಗೆಯಿಂದ ಕೊಟ್ಟೆ. ಎಲ್ಲರೂ ಒಪ್ಪಿದರು. ಒಪ್ಪಿದ ನಮ್ಮಲ್ಲಿ ಹುಳು ಸಾಕಿದ ಅನುಭವ ಇಲ್ಲದವನು ಒಬ್ಬನೂ ಇರಲಿಲ್ಲ, ಆದರೂ ಮುಂದೇನಾಗುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಇಂದಿಗೂ ಇದು ನನಗೆ ಆಶ್ಚರ್ಯ. ಎಲ್ಲರ ಕಣ್ಣೂ ಇನ್ನೊಂದು ಬೀದಿಯ ಕೈಗೆ ಎಷ್ಟು ಹೋಯಿತು ಎಂಬುದರ ಮೇಲಿತ್ತು.

ಆ ಬೆಳೆಯ ಮೇಲೆ ಅಕ್ಕನ ತೋಟ ನಿಂತಿತ್ತು. ಹಿಂದಿನ ಎರಡು ಬೆಳೆ ರೋಗದಿಂದ ಹೋಗಿದ್ದವು. ಗಂಡ ಬೇಸತ್ತಿದ್ದ. ಹಿಪ್ಪುನೇರಳೆ ಕಿತ್ತು ಕಡಲೆಕಾಯಿ ಹಾಕುವುದೆಂದು ತೀರ್ಮಾನಿಸಿದ್ದ. ಅದು ಅವಳು ಮದುವೆಯಾಗಿ ಬಂದ ವರ್ಷ ಕಡ್ಡಿ ನೆಟ್ಟು, ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಬದುಕಿಸಿದ ತೋಟ. ಇನ್ನೊಂದು ಬೆಳೆ ನೋಡು ಎಂದು ಅವಳು ಕೇಳಿದ್ದಳು. ನನ್ನೆದುರಿಗೇ ಅವನು ಹೇಳಿದ:

"ಈ ಬೆಳೆ ನಿಂತ್ರೆ ತೋಟ ನಿಲ್ತದೆ. ಬಿದ್ರೆ ಮಾರನೇ ದಿನ್ವೇ ನೇಗ್ಲು ಓಯ್ತದೆ. ಆಮೇಲ್ ಅಳಂಗಿಲ್ಲ."

ಅವಳು ಅಳುವವಳಲ್ಲ. ಬೆಳಗಿನ ಐದಕ್ಕೆ ಮೊದಲ ಸೊಪ್ಪು ಹಾಕುವುದರಲ್ಲಿ ಆ ತಿಂಗಳು ನನ್ನ ಗಡಿಯಾರ ತಪ್ಪಿದರೂ ಅವಳು ತಪ್ಪಲಿಲ್ಲ. ಹುಳು ಒಂದೊಂದೂ ಕಿರುಬೆರಳಿನಷ್ಟು ತುಂಬಿ ಬಂದವು. ಆ ವರ್ಷ ಅಂಥ ಹುಳು ಆ ತಾಲ್ಲೂಕಿನಲ್ಲಿ ನಾನು ಬೇರೆಲ್ಲೂ ನೋಡಲಿಲ್ಲ.

ನನಗೆ ತಪ್ಪು ತಿಳಿದದ್ದು ನಾಲ್ಕನೇ ಜ್ವರದ ದಿನ. ಪದ್ಧತಿಯಂತೆ ಮನೆಯಿಂದ ಮನೆಗೆ ಹೋಗಿ ನೋಡಿ ಬರೆದುಕೊಳ್ಳುತ್ತಿದ್ದೆ. ಮೊದಲನೆಯ ಮನೆ, ಜ್ವರ. ಎರಡನೆಯ ಮನೆ, ಜ್ವರ. ಕೆಳಗಿನ ಬೀದಿಗೆ ಇಳಿದರೆ ಅಲ್ಲಿಯೂ ಜ್ವರ. ಹತ್ತನೆಯ ಮನೆಯ ಹೊತ್ತಿಗೆ ಪೆನ್ಸಿಲ್ ನಿಂತಿತು. ಊರಿನ ಅಷ್ಟೂ ಹುಳು ಒಂದು ವಾರದ ಮೇಲೆ ಒಂದೇ ದಿನ, ಹೆಚ್ಚೆಂದರೆ ಒಂದು ದಿನ ಹಿಂದೆಮುಂದೆ ಹಣ್ಣಾಗಲಿತ್ತು. ಚಂದ್ರಿಕೆಗಳಿದ್ದದ್ದು ಎಂದಿನಂತೆ ಊರಿನ ಅರ್ಧಕ್ಕೆ ಸಾಕಾಗುವಷ್ಟು.

ಗಂಡನಿಗೆ ಹೇಳಿದೆ. ನಮ್ಮ ಬೀದಿಯದು ನಾವು ನೋಡಿಕೊಳ್ಳುತ್ತೇವೆ ಎಂದ. ಅಣ್ಣನಿಗೆ ಹೇಳಿದೆ. ಅವರೇ ಬಂದು ಕೇಳಲಿ, ಆಮೇಲೆ ನೋಡೋಣ ಎಂದ. ಇಬ್ಬರೂ ತಮ್ಮ ತಮ್ಮ ಕಡೆಯವರನ್ನು ಗುಡ್ಡಕ್ಕೆ ಕಳಿಸಿ ಬಂದರಿಕೆ ಎಂಬ ಕುರುಚಲು ಗಿಡದ ಒಣಕಡ್ಡಿ ತರಿಸಿದರು. ಚಂದ್ರಿಕೆ ಬರುವ ಮೊದಲು ಹಳಬರು ಅದರ ಮೇಲೆಯೇ ಹುಳು ಬಿಡುತ್ತಿದ್ದರಂತೆ. ಗೂಡು ಕಟ್ಟುತ್ತವೆ, ಆದರೆ ಸಡಿಲವಾಗಿ, ಕಲೆಯಾಗಿ.

ಆ ದಿನ ಬಂತು. ಬೆಳಗಿನ ಆರಕ್ಕೆ ಅಕ್ಕನ ಮನೆಯಲ್ಲಿ ಹುಳು ಹೊಳೆಯುತ್ತಿದ್ದವು. ಮೂವತ್ತು ಚಂದ್ರಿಕೆ ಬೇಕಿತ್ತು, ಇದ್ದದ್ದು ಆರು. ಉಳಿದವನ್ನು ಗಂಡ ಆ ಬೆಳಿಗ್ಗೆಯೇ ತನ್ನ ಬೀದಿಯವರಿಗೆ ಹಂಚಲು ಒಯ್ದಿದ್ದ. ಪಾರ್ಟಿಯ ಮುಂದಾಳು ಮೊದಲು ತನ್ನ ಮನೆಗೆ ಇಟ್ಟುಕೊಂಡರೆ ಜನ ಏನೆಂದಾರು ಎಂದು. ಹಂಚುವುದಕ್ಕೆ ಇನ್ನೂ ಮನೆ ಮನೆ ತಿರುಗುತ್ತಿದ್ದ.  ಅಕ್ಕ ಕಡ್ಡಿಗಳನ್ನು ನೆಲಕ್ಕೆ ಹರಡಿ ಹಣ್ಣಾದ ಹುಳು ಆರಿಸುತ್ತ ಕೂತಳು. ಹುಳುಗಳು ಸಾಕುವ ಬಿದಿರ ತಟ್ಟೆಯ ಅಂಚು ದಾಟಿ ಸ್ಟ್ಯಾಂಡಿನ ಕಾಲು ಹತ್ತುತ್ತಿದ್ದವು.

ನನ್ನ ಕೊಠಡಿಯಲ್ಲಿ ಸರ್ಕಾರದ ಹತ್ತು ಚಂದ್ರಿಕೆಗಳಿದ್ದವು. ನನ್ನ ನಿಯಮದ ಪ್ರಕಾರ ಆ ಬೀದಿಗೆ ಐದು, ಈ ಬೀದಿಗೆ ಐದು. ಕೆಳಗಿನ ಬೀದಿಯಲ್ಲಿ ಅಣ್ಣನ ಮನೆ ಕಲ್ಲುಚಪ್ಪಡಿಯದು, ತಂಪು; ಅವನ ಹುಳು ಒಂದು ದಿನ ತಡ ಎಂದು ಹಿಂದಿನ ಸಂಜೆ ನೋಡಿದ್ದೆ. ಅವನ ಚಂದ್ರಿಕೆಗಳು ಸೂರಿನಡಿ ಖಾಲಿ ನಿಂತಿದ್ದವು. ಐದು ನಿಮಿಷ ಯೋಚಿಸಿದೆ. ಆಮೇಲೆ ಹತ್ತನ್ನೂ ಅಕ್ಕನ ಮನೆಗೆ ಹೊರಿಸಿದೆ. ಆ ಊರಿನಲ್ಲಿ ನಾನು ಸಮಪಾಲು ತಪ್ಪಿಸಿದ್ದು ಅದೇ ಮೊದಲು.

ಅರ್ಧ ಗಂಟೆಯಲ್ಲಿ ಸುದ್ದಿ ಕೆಳಗಿನ ಬೀದಿ ಮುಟ್ಟಿತು. ಅಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ತಂಗಿಯ ಮನೆಯ ಬಾಗಿಲ ಹೊರಗೆ ನಿಂತ. ಆ ಹೊಸಿಲು ತುಳಿದು ಅವನಿಗೆ ವರ್ಷ ಕಳೆದಿತ್ತು.

"ಸಾ, ನೀವು ಸರ್ಕಾರ್ದವ್ರೋ, ಈ ಬೀದಿಯವ್ರೋ? ಅದೊಂದ್ ಹೇಳ್ಬುಡಿ, ನಾವ್ ಓಯ್ತೀವಿ" ಎಂದ.

ಒಳಗೆ ಬಂದು ನೋಡಿ, ಆಮೇಲೆ ಕೇಳಿ ಎಂದೆ.

ಅವನು ಬರಲಿಲ್ಲ. ಹೊರಗಿನಿಂದಲೇ ಬಗ್ಗಿ ನೋಡಿದ. ಹುಳುಗಳು ಗೋಡೆ ಏರುತ್ತಿದ್ದವು. ಒಂದು ಹೊಸಿಲ ಮೇಲೆ, ಅವನ ಹೆಬ್ಬೆರಳಿನ ಪಕ್ಕದಲ್ಲಿ, ತಲೆಯೆತ್ತಿ ಆಕಡೆ ಈಕಡೆ ಆಡಿಸುತ್ತ ಹಿಡಿಯಲು ಏನಾದರೂ ಇದೆಯೇ ಎಂದು ಹುಡುಕುತ್ತಿತ್ತು. ಹುಳುಮನೆಯ ಬಾಗಿಲಲ್ಲಿ ಕಾಲು ತೊಳೆಯಲು ನೀರು ಇಟ್ಟಿರುತ್ತಾರೆ. ಅವನು ಚೊಂಬು ತೆಗೆದುಕೊಂಡು ಕಾಲು ತೊಳೆದ, ಕೈ ತೊಳೆದ. ನನ್ನ ತರಬೇತಿಯಲ್ಲಿ ಹೇಳಿದ ಕ್ರಮದಲ್ಲೇ. ಬಗ್ಗಿ ಆ ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದ. ಬಂದ ಮೇಲೆ ಅದನ್ನು ಎಲ್ಲಿ ಬಿಡುವುದೆಂದು ತಿಳಿಯದೆ ನಿಂತ. ಹದಿನಾರೂ ಚಂದ್ರಿಕೆ ತುಂಬಿದ್ದವು.

ಅಕ್ಕ ತಲೆಯೆತ್ತಲಿಲ್ಲ.

"ಹಂಗೇ ನಿಂತ್ಕ, ನಿನ್ ಕೈಯಲ್ಲೇ ಗೂಡು ಕಟ್ತದೆ" ಎಂದಳು.

ಅವನು ಬಾಗಿಲ ಕಡೆ ತಿರುಗಿ, ಬಂದವರಿಗೆ ಹೇಳಿದ: "ಲೇ, ಓಗಿ ನಮ್ಮನೇವ ತಕಂಡ್ ಬನ್ರಲಾ."

"ಕೆಂಪು ಬೊಟ್ಟಿನವಾ?" ಎಂದ ಒಬ್ಬ.

"ಉಳಕ್ಕೆ ಬೊಟ್ಟು ಕಾಣಕಿಲ್ಲ ಕಣ್ಲಾ. ಓಗು."

ಗಂಡ ಹಂಚುವ ಕೆಲಸ ಮುಗಿಸಿ ಬರುವ ಹೊತ್ತಿಗೆ ಕೆಮ್ಮಣ್ಣಿನ ಬೊಟ್ಟಿನ ಚಂದ್ರಿಕೆಗಳು ಅವನ ಬಾಗಿಲಿಗೆ ಬರುತ್ತಿದ್ದವು. ಅವನು ಬೀದಿಯಲ್ಲೇ ನಿಂತು ನೋಡಿದ.   ಒಂದು ಚಂದ್ರಿಕೆ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಹೋಗಿ ಇನ್ನೊಂದು ತುದಿ ಹಿಡಿದ. ಆ ದಿನವೆಲ್ಲ ಭಾವ ಭಾವಮೈದ ಒಂದೇ ಕೋಣೆಯಲ್ಲಿ ದುಡಿದರು, ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಆ ಕಡೆ ಎತ್ತು ಅಂತ ಹೇಳು ನಿನ್ನ ಗಂಡನಿಗೆ ಎಂದು ಅಣ್ಣ ತಂಗಿಗೆ ಹೇಳುವನು. ಎತ್ತಿದ್ದೇನೆ ಎನ್ನು ನಿಮ್ಮಣ್ಣನಿಗೆ ಎಂದು ಗಂಡ ಹೇಳುವನು. ನಡುವೆ ಅಕ್ಕ, ಇಬ್ಬರಿಗೂ ಕಿವಿ ಚೆನ್ನಾಗೇ ಇದೆಯಲ್ಲ ಎಂದು ಹುಳು ಆರಿಸುತ್ತಲೇ ಇದ್ದಳು. ಸಂಜೆ ನಾಲ್ಕಕ್ಕೆ ಕೊನೆಯ ತಟ್ಟೆ ಖಾಲಿಯಾಯಿತು. ಅವಳು ಎದ್ದು, ಚಂದ್ರಿಕೆ ಹೊತ್ತು ತಂದವರಿಗೆಲ್ಲ ಬೆಲ್ಲದ ನೀರು ಕೊಟ್ಟಳು. ಅಣ್ಣ ಲೋಟ ಕೈಗೆ ತೆಗೆದುಕೊಂಡು, ಬೆಲ್ಲದ ಪಾರ್ಟಿಯದಾ ಇದು ಎಂದು ಕೇಳಿ, ಕುಡಿದು ಹೋದ.

ಇದಕ್ಕೆ ಅವನು ಬೆಲೆ ತೆತ್ತ. ಮಾರನೆಯ ದಿನ ಅವನ ಹುಳು ಹಣ್ಣಾದವು. ಚಂದ್ರಿಕೆಗೆ ಬಿಟ್ಟ ಹುಳು ಐದು ದಿನ ಅಲ್ಲೇ ಗೂಡಲ್ಲಿರಬೇಕು, ಆದ್ದರಿಂದ ಅವನವು ಯಾವುವೂ ವಾಪಸು ಬರುವಂತಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಚಂದ್ರಿಕೆ ಸಾಲದೆ ಅವನ ಹುಳುಗಳಲ್ಲಿ ಅರ್ಧದಷ್ಟು ಬಂದರಿಕೆ ಕಡ್ಡಿಯ ಮೇಲೆ ಗೂಡು ಕಟ್ಟಿದವು, ಒತ್ತಿದರೆ ಮೆತ್ತಗಾಗುವ, ಹಳದಿ ಕಲೆಯ ಗೂಡುಗಳು. ಕೆಳಗಿನ ಬೀದಿಯಲ್ಲಿ ಬಹಳ ದಿನ ಅವನನ್ನು ಸುಣ್ಣದ ಬೊಟ್ಟು ಎಂದು ಕರೆದರು. 

ಐದನೆಯ ದಿನ ಅಕ್ಕ ಗೂಡು ಬಿಡಿಸಿದಳು. ಗಂಡ ಒಂದನ್ನು ಎತ್ತಿಕೊಂಡು ಒತ್ತಿ ನೋಡಿದ. ಗಟ್ಟಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಕೋಶವಾಗಿ ಕುಗ್ಗಿದ ಹುಳು ಕಟಕಟ ಎಂದಿತು.

"ಇರ್ಲಿ ಬುಡು" ಎಂದ.

ತೋಟದ ವಿಷಯದಲ್ಲಿ ಅವನು ಆಡಿದ್ದು ಅಷ್ಟೇ ಮಾತು. ನೇಗಿಲು ಬರಲಿಲ್ಲ.

ಅವರ ರಾಜಕೀಯ ಒಂದಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ಚುನಾವಣೆಯಲ್ಲಿ ಇಬ್ಬರೂ ಎದುರುಬದುರು ನಿಂತು ಕೂಗಾಡಿದರು, ಟೀ ಅಂಗಡಿಗಳೂ ಎರಡೇ ಉಳಿದವು. ಒಂದು ಸಂಜೆ ರೇಡಿಯೋದಲ್ಲಿ ಯಾವುದೋ ದೂರದೇಶದ ಪಾರ್ಲಿಮೆಂಟಿನಲ್ಲಿ ಎರಡು ಕಡೆಯವರು ಮಾತು ಬಿಟ್ಟಿದ್ದಾರೆಂದು ವಾರ್ತೆ ಬಂತು. ರಸ್ತೆಯಾಚೆ ನಿಂತಿದ್ದ ಅಣ್ಣ, ಜಗುಲಿಯ ಮೇಲಿದ್ದ ನನ್ನನ್ನು ಕೇಳಿದ: "ಅಲ್ಲೂ ಚಂದ್ರಿಕೆ ಅರ್ಧರ್ಧ ಮಾಡವ್ರಾ ಸಾ? ಯಾರ್ ಹಂಚಿದ್ದು?" ಜಗುಲಿಯೂ ನಕ್ಕಿತು, ರಸ್ತೆಯೂ ನಕ್ಕಿತು. ಹಂಚಿದವನು ನಾನೂ ನಕ್ಕೆ.

ಅವನ ಪ್ರಶ್ನೆಯನ್ನು ನಾನು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಏಳಕ್ಕೆ ಪತ್ರಿಕೆ ಓದುತ್ತೇನೆ. ಇಂಥ ದೇಶ ಎರಡಾಗಿ ಒಡೆದಿದೆ ಎಂದು ಬರೆದಿರುತ್ತಾರೆ. ಯಾರು ಯಾರನ್ನು ಎಷ್ಟು ದ್ವೇಷಿಸುತ್ತಾರೆ ಎಂದೂ ಬರೆದಿರುತ್ತಾರೆ. ನನಗೆ ತಿಳಿಯಬೇಕಾದದ್ದು ಬೇರೆ. ಆ ದೇಶದಲ್ಲಿ ಕೈಯಿಂದ ಕೈಗೆ ಸುತ್ತುತ್ತಿದ್ದ ವಸ್ತು ಯಾವುದು, ಅದರ ಮೇಲೆ ಮೊದಲ ಬೊಟ್ಟು ಇಟ್ಟವರು ಯಾರು, ನನ್ನಂಥ ಯಾವ ನಿಷ್ಪಕ್ಷಪಾತಿ ಅದನ್ನು ಸಾಲಾಗಿ ಇಡಿಸಿ ಎಣಿಸಿದ? ನಾನು ಎರಡು ಪಾರ್ಟಿಗೆ ಸಮನಾಗಿ ಹಂಚಿದೆ. ಹಂಚುವಾಗ ಊರಲ್ಲಿರುವುದು ಎರಡೇ ಎಂದು ನಾನೇ ಒಪ್ಪಿಕೊಂಡುಬಿಟ್ಟೆ. ಅಲ್ಲಿ ಇದ್ದದ್ದು ಬೇರೆ ಬೇರೆ ದಿನ ಹಣ್ಣಾಗುವ ಮನೆಗಳು. ದೊಡ್ಡ ದೇಶಗಳಿಗೆ ಇದು ಹೊಂದುತ್ತದೋ ಇಲ್ಲವೋ ಹೇಳಲಾರೆ. ಅಲ್ಲಿಯೂ ಯಾರಾದರೂ ಮನೆ ಮನೆಗೆ ಹೋಗಿ ನೋಡಿ ಬರೆದುಕೊಂಡರೆ ತಿಳಿದೀತು.

ಆ ಬೆಳೆಯ ನಂತರ ನಾನು ಮತ್ತೆ ಮೊಟ್ಟೆ ತರಲು ಹೊರಟಾಗ ಅಕ್ಕ ದಾರಿಯಲ್ಲಿ ಸಿಕ್ಕಳು. ಸೊಪ್ಪಿನ ಹೊರೆ ತಲೆಯ ಮೇಲಿತ್ತು.

"ಸಾ, ಈ ಸಲ ಮೊದ್ಲು ಕೆಳಗ್ಲು ಬೀದಿಗ್ ಕೊಡಿ."

ನಿಮ್ಮ ಯಜಮಾನರು ಒಪ್ಪುತ್ತಾರಾ ಎಂದೆ.

"ಒಪ್ಪಾಕೇನು? ಅವ್ರು ಮೊದ್ಲು ಬಿಡುಸ್ಕಂಡ್ರೆ ಚಂದ್ರಿಕೆ ನಮ್ ಮನೆಗೆ ಬತ್ತವೆ. ಓಟು ಬೇಕಾರೆ ಒಂದೇ ದಿನ ಆಕ್ಲಿ ಎಲ್ರೂವೆ. ಉಳ ಮಾತ್ರ ಒಂದೇ ದಿನ ಬ್ಯಾಡಿ."

ಹೊರೆಯನ್ನು ಸರಿಮಾಡಿಕೊಂಡು ಹೋದಳು. ನಾನು ಕೊಳ್ಳೇಗಾಲದ ಬಸ್ಸು ಹಿಡಿದು, ಕೆಳಗಿನ ಬೀದಿಗೆ ಮೊದಲು ತಂದೆ. ಮೇಲಿನ ಬೀದಿಗೆ ಎಂಟನೆಯ ದಿನ.